ರಂಜಣಗಿಯ ಜಾಗದಲ್ಲಿ ಕೂತ ಡಬ್ಬಿ

ವಯಸ್ಸಾದಂತೆ ಆಸೆಗಳು ಕಡಿಮೆಯಾಗುತ್ತವೆ ಎಂದು ಹೇಳುವವರಿಗೆ ಇನ್ನೂ ವಯಸ್ಸಾಗಿರುವುದಿಲ್ಲ. ನನಗೆ ಈಗಲೂ ಎರಡು ಆಸೆ ಇವೆ. ಒಂದು, ಬೇಸಿಗೆಯ ಮಧ್ಯಾಹ್ನ ಬೆನ್ನಿಗೆ ತಂಪು ಹತ್ತುವ ಒಂದು ಮೂಲೆ. ಇನ್ನೊಂದು, ನಾನು ಸತ್ತ ಮೇಲೆ ಗೋಡೆಗೆ ಹಾಕಲು ಒಂದು ನೆಟ್ಟಗಿನ ಫೋಟೋ. ಮೊದಲನೆಯದನ್ನು ನನ್ನ ಮಗ ಬಸವರಾಜ ಒಂದು ಡಬ್ಬಿಗೆ ಕೊಟ್ಟುಬಿಟ್ಟ. ಎರಡನೆಯದನ್ನು ಅದೇ ಡಬ್ಬಿಯೊಳಗೆ ಹಾಕಿಟ್ಟ. ಮಕ್ಕಳು ತಾಯಿಗೆ ಏನೂ ಮಾಡುವುದಿಲ್ಲ ಎಂದು ನಾನು ಹೇಳುವುದಿಲ್ಲ. ಮಾಡುತ್ತಾರೆ, ಆದರೆ ಹೀಗೆ ಮಾಡುತ್ತಾರೆ.

ಫೋಟೋದ ಹಟ ನನಗೆ ಯಾಕೆ ಹಿಡಿಯಿತು ಎಂದು ತಿಳಿಯಬೇಕಾದರೆ ಬೀದರಿನ ಚಿದ್ರಿಯ ನಮ್ಮ ಮನೆಗೆ ಬಂದು ಪಡಸಾಲೆಯ ಗೋಡೆ ನೋಡಬೇಕು. ಅಲ್ಲಿ ನನ್ನ ಅತ್ತೆ ಇದ್ದಾಳೆ. ಔರಾದ್ ಕಡೆಯ ನಮ್ಮ ಹಳ್ಳಿಯಲ್ಲಿ ಆಕೆ ಬದುಕಿದ್ದಷ್ಟು ದಿನ, ಆಕೆಯನ್ನು ಒಂದು ಕಡೆ ನಿಲ್ಲಿಸಿ, ಬಾಯಿ ಮುಚ್ಚಿಸಿ ಫೋಟೋ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಸತ್ತ ಮೇಲೆ ಹುಡುಕಿದರೆ ಸಿಕ್ಕದ್ದು ಮೈದುನನ ಮದುವೆಯ ಗುಂಪು ಫೋಟೋ ಮಾತ್ರ. ಸ್ಟುಡಿಯೋದವನು ಅದರಲ್ಲಿ ಅತ್ತೆಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ ಕೊಟ್ಟ. ಬಡಿಸುವವರನ್ನು ಬೈಯುತ್ತಿದ್ದ ಹೊತ್ತಿನ ಫೋಟೋ ಅದು. ಬಾಯಿ ತೆರೆದಿದೆ, ಬೆರಳು ಎತ್ತಿದೆ. ಅದೂ ಹೋಗಲಿ, ಭುಜದ ಮೇಲೆ ಹಸಿರು ಬಳೆ ತೊಟ್ಟ ಯಾರದೋ ಒಂದು ಕೈ ಉಳಿದುಬಿಟ್ಟಿದೆ. ಯಾರದೋ ಏನು, ಮದುಮಗಳ ತಾಯಿಯದು. ಆ ಮದುಮಗಳು ರತ್ನಮ್ಮ, ನನ್ನ ಮೈದುನನ ಹೆಂಡತಿ. ಅಮಾವಾಸ್ಯೆಗೆ ನಾವು ಹಾರ ಹಾಕುವಾಗ ಆ ಕೈ ಮುಚ್ಚಲೆಂದು ಒಂದು ಬದಿಗೆ ಎಳೆದು ಹಾಕುತ್ತೇವೆ. ರತ್ನಮ್ಮ ಬಂದರೆ ಅದನ್ನು ಸರಿಸಿ ನೋಡುತ್ತಾಳೆ. "ಅಕ್ಕಾ, ನಮ್ಮವ್ವನ ಕೈಗೂ ಒಂದೆರಡು ಹೂ ಏರಸ್ರಿ. ಜಲ್ಮದಾಗ ಈ ಮನ್ಯಾಗ ಆಕಿಗಿ ಒಂದು ಕಪ್ ಚಾ ಸೈತ ಕೊಟ್ಟಿಲ್ಲ, ಈಗರೆ ಪೂಜಿ ಆಗ್ಲಿ" ಎನ್ನುತ್ತಾಳೆ.

ಆ ಗೋಡೆಯನ್ನು ನೋಡಿ ನೋಡಿ ನಾನು ನಿಶ್ಚಯ ಮಾಡಿಕೊಂಡಿದ್ದೆ, ನನ್ನದು ಹೀಗಾಗಬಾರದು. ನನ್ನದೊಂದು ಒಳ್ಳೆಯ ಫೋಟೋ ಇತ್ತು. ಮಗಳ ಮದುವೆಯನ್ನು ಭಾಲ್ಕಿಯಲ್ಲಿ ಮಾಡಿದ್ದೆವು. ಅಕ್ಕಿಕಾಳು ಬೀಳುವ ಮೊದಲು, ಜನ ಕೂಡುವ ಮುಂಚೆ, ಫೋಟೋದವನು ಬೆಳಕು ಸರಿ ಇದೆಯೋ ಇಲ್ಲವೋ ನೋಡಲು ಕೈಗೆ ಸಿಕ್ಕ ನನ್ನನ್ನು ನಿಲ್ಲಿಸಿ ಒಂದು ತೆಗೆದ. ಬೆಳಕಿಗಾಗಿ ತೆಗೆದದ್ದು, ನನಗಾಗಿ ಅಲ್ಲ. ಆದರೂ ತಲೆಯ ಮೇಲೆ ಸೆರಗು ಇತ್ತು, ಹಣೆಗೆ ವಿಭೂತಿ ಇತ್ತು, ಬಾಯಿ ಮುಚ್ಚಿತ್ತು. ಕೆನ್ನೆಯೊಳಗೆ ಹಲ್ಲುಗಳಿದ್ದವು. ಭುಜದ ಮೇಲೆ ಯಾರ ಕೈಯೂ ಇರಲಿಲ್ಲ. ಅದನ್ನು ನೋಡಿದವರು, ಈ ಹೆಂಗಸು ಯಾರಿಗೂ ಒಂದು ಮಾತು ಅಂದವಳಲ್ಲ ಎಂದು ತಿಳಿಯಬೇಕು, ಹಾಗಿತ್ತು. ನಾನು ಸತ್ತ ಮೇಲೆ ಹುಟ್ಟುವವರಿಗೆ ಅಷ್ಟು ಸುಳ್ಳು ಸಾಕು.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ನಲ್ಲಿ ಎಂಬುದು ಗೋಡೆಯ ಅಲಂಕಾರವಾಗಿ ಬಹಳ ದಿನವಾಗಿತ್ತು. ಟ್ಯಾಂಕರ್ ಬಂದ ದಿನವೇ ಹಬ್ಬ. ಬಸವರಾಜ ಪಕ್ಕದ ಕೊಳಾರದ ಕಾರ್ಖಾನೆಯೊಂದರ ಗೋದಾಮಿನಲ್ಲಿ ಸಾಮಾನಿನ ಲೆಕ್ಕ ಕಂಪ್ಯೂಟರಿಗೆ ಹಾಕುವವನು. ಕಾರ್ಖಾನೆಗೇ ನೀರಿಲ್ಲದೆ ಪಾಳಿ ಕಡಿಮೆ ಮಾಡಿದ್ದರು. ಅವನಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಕೆಲಸವಿಲ್ಲದ ಗಂಡಸು ಮನೆಯಲ್ಲಿದ್ದರೆ ಏನಾದರೊಂದನ್ನು ಬಿಚ್ಚುತ್ತಾನೆ. ಮೊದಲು ಫ್ಯಾನು ಬಿಚ್ಚಿದ, ಆಮೇಲೆ ಮಿಕ್ಸಿ ಬಿಚ್ಚಿದ. ಒಂದು ದಿನ ನಾನು ಖಾಲಿ ಕೊಡಗಳನ್ನು ಬೋರಲು ಹಾಕುತ್ತಿದ್ದಾಗ ಬಂದು ದೊಡ್ಡ ಆಪತ್ತು ಬಂದವನಂತೆ ಮುಖ ಮಾಡಿದ.

"ಅವ್ವಾ, ಎಲ್ಲಾರ ಫೋನೂ ತುಂಬ್ಯಾವ. ಜಾಗಾನೇ ಇಲ್ಲ."

"ತುಂಬಿದ್ದು ಏನರೆ ಒಂದು ಅದ ಅಲ್ಲಪಾ ಈ ಮನ್ಯಾಗ" ಅಂದೆ. "ಏನ್ ತುಂಬ್ಯದ ಅದರಾಗ?"

ತೋರಿಸಿದ. ಗುಲಾಬಿ ಹೂವಿನ ಮೇಲೆ ನೀರಿನ ಹನಿ, ಪಕ್ಕದಲ್ಲಿ ಗುಡ್ ಮಾರ್ನಿಂಗ್. ಧೋ ಎಂದು ಬೀಳುವ ಜಲಪಾತ, ಅದರ ಮೇಲೂ ಗುಡ್ ಮಾರ್ನಿಂಗ್. ಬೀದರಿನ ನೆಂಟರು ಭಾಲ್ಕಿಗೆ ಜಲಪಾತ ಕಳಿಸುತ್ತಾರೆ, ಭಾಲ್ಕಿಯವರು ಅದನ್ನು ಔರಾದಿಗೆ ಕಳಿಸುತ್ತಾರೆ, ಔರಾದಿನವರು ತಿರುಗಿ ನಮಗೇ ಕಳಿಸುತ್ತಾರೆ. ಟ್ಯಾಂಕರಿನವನು ಅಷ್ಟು ನಿಯತ್ತಿನಿಂದ ತಿರುಗಿದ್ದರೆ ನಾವು ಸ್ನಾನ ಮಾಡುತ್ತಿದ್ದೆವು.

ಅಷ್ಟೇ ಆಗಿದ್ದರೆ ನಾನು ಬೈದು ಕಳಿಸುತ್ತಿದ್ದೆ. ಆದರೆ ಅದೇ ವಾರ ಟ್ರಂಕಿಗೆ ಗೆದ್ದಲು ಹತ್ತಿತು. ಬರದ ವರ್ಷ ಅವಕ್ಕೂ ಹೊರಗೆ ತಿನ್ನಲು ಏನಿರುತ್ತದೆ? ಮದುವೆಯ ಅಲ್ಬಮ್ಮನ್ನು ಹಿಂದಿನಿಂದ ತಿನ್ನುತ್ತ ಬಂದು ಅಳಿಯನ ಪೇಟದವರೆಗೆ ಮುಟ್ಟಿದ್ದವು. ನನ್ನ ಫೋಟೋ ಮೊದಲ ಹಾಳೆಗಳಲ್ಲಿತ್ತು. ಅಳಿಯ ಹೋದರೂ ನಡೆಯುತ್ತದೆ, ನಾನು ಹೋಗಬಾರದು ಎಂದು ಕೂತಿದ್ದಾಗಲೇ ಬಸವರಾಜ, "ಅವ್ವಾ, ಎಲ್ಲಾ ಡಬ್ಬ್ಯಾಗ ಹಾಕಿಬಿಡ್ತೇನಿ. ಗೆದ್ದಲಿ ಹತ್ತಂಗಿಲ್ಲ, ಇಲಿ ಹತ್ತಂಗಿಲ್ಲ. ನೂರು ವರ್ಷ ಇರ್ತದ" ಅಂದ. ನಾನು ಒಪ್ಪಿದೆ. ಸಾಯುವ ವಯಸ್ಸಿನವರಿಗೆ ನೂರು ವರ್ಷ ಎಂದು ಹೇಳಿದರೆ ಯಾವ ಸಾಮಾನನ್ನಾದರೂ ಕೊಳ್ಳುತ್ತಾರೆ.

ಗೋದಾಮಿನವರು ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರ್ ಒಂದನ್ನು ಅವರನ್ನೇ ಕೇಳಿ ತಂದ. ಪರದೆ ಇಲ್ಲ, ಬರೀ ಡಬ್ಬಿ. ಅದರೊಳಗೆ ಒಂದು ದೊಡ್ಡ ಹಾರ್ಡ್‌ಡಿಸ್ಕ್ ಹಾಕಿದ. ಫೋನಿನಲ್ಲಿ ಫೋಟೋ ತೆಗೆದರೆ ಅದು ತಾನಾಗಿಯೇ ಗಾಳಿಯಲ್ಲಿ ಹೋಗಿ ಡಬ್ಬಿಯೊಳಗೆ ಬೀಳುತ್ತದಂತೆ. ಬೇಕಾದಾಗ ಟಿವಿಯಲ್ಲಿ ನೋಡಬಹುದಂತೆ. ಇದಕ್ಕೆ ಸರ್ವರ್ ಎಂದು ಹೆಸರು. ಆಫೀಸಿನ ಕಿಟಕಿಗಳಲ್ಲಿ "ಸರ್ವರ್ ಇಲ್ಲ, ನಾಳೆ ಬಾ" ಎಂದು ನನ್ನನ್ನು ಎಷ್ಟೋ ಸಲ ತಿರುಗಿಸಿ ಕಳಿಸಿದ್ದು ಇದೇ ಎಂದು ಗೊತ್ತಾದ ಮೇಲೆ ಅದರ ಮುಖವನ್ನು ಒಮ್ಮೆ ಸರಿಯಾಗಿ ನೋಡಿದೆ. ಮುಖ ಇರಲಿಲ್ಲ.

ಅದಕ್ಕೆ ಜಾಗ ಬೇಕಲ್ಲ. ಹಗಲೂ ರಾತ್ರಿಯೂ ಉರಿಯುವ ಸಾಮಾನು, ಬಿಸಿಯಾಗಬಾರದು. ಮಗ ಮನೆಯಲ್ಲೆಲ್ಲ ಕೈಯಾಡಿಸಿ ಗೋಡೆ ಮುಟ್ಟಿ ನೋಡುತ್ತ ಹೋದ, ವೈದ್ಯರು ಮೈ ಮುಟ್ಟಿ ನೋಡಿದ ಹಾಗೆ. ಕೊನೆಗೆ ಒಳಕೋಣೆಯ ನನ್ನ ಮೂಲೆಯಲ್ಲಿ ನಿಂತ. ಕೆಂಪು ಕಲ್ಲಿನ ದಪ್ಪ ಗೋಡೆ, ಬಿಸಿಲು ತಾಗದ ಬದಿ. ಅಲ್ಲಿ ನಮ್ಮ ರಂಜಣಗಿ ಇತ್ತು. ನನ್ನ ಎದೆಮಟ್ಟದ ಮಣ್ಣಿನ ಗಡಿಗೆ ಅದು, ಕುಡಿಯುವ ನೀರು ತುಂಬಿ ಸುತ್ತ ಒದ್ದೆ ಗೋಣಿತಟ್ಟು ಸುತ್ತಿರುತ್ತೇವೆ. ಅದರ ಪಕ್ಕ ನನ್ನ ಚಾಪೆ. ಅದೇ ನನ್ನ ಆಸ್ತಿ.

"ಇದೇ ಮಸ್ತ್ ಅದ" ಅಂದ.

"ಅಲ್ಲಿ ನಾ ಮಕ್ಕೋತೇನಿ."

"ನೀ ಎಲ್ಲಿ ಬೇಕಾದ್ರೂ ಮಕ್ಕೋಬಹುದಲ್ಲವ್ವಾ. ಅದಕ್ಕ ಎಲ್ಲಿ ಬೇಕಾದ್ರೂ ಆಗಂಗಿಲ್ಲ."

ರಂಜಣಗಿ ಕೋಣೆಯ ಬಾಗಿಲ ಬಳಿಗೆ ಬಂತು, ನನ್ನ ಚಾಪೆ ಪಡಸಾಲೆಗೆ ಬಂತು, ಅತ್ತೆಯ ಫೋಟೋದ ಕೆಳಗೆ. ಕಣ್ಣು ಬಿಟ್ಟರೆ ಆಕೆಯ ಬೆರಳು. ಡಬ್ಬಿಗೆ ಮಾತ್ರ ಒಂದು ಮಣೆ ಹಾಕಿ ಕೂಡಿಸಿದರು. ಎದುರಿಗೆ ಕೂಲರ್ ಇಟ್ಟರು. ಕೂಲರಿಗೆ ಬಕೀಟುಗಟ್ಟಲೆ ನೀರು ಬೇಕು. ಸೊಸೆ ಸುನೀತಾ ಟ್ಯಾಂಕರಿನ ಪಾಳಿಯಲ್ಲಿ ನಿಂತು, ಗುದ್ದಾಡಿ ತಂದ ನೀರಿನಲ್ಲಿ ಮೊದಲ ಪಾಲು ಅದಕ್ಕೆ. ಇಡೀ ಓಣಿಯಲ್ಲಿ ಹಿರಿಯರನ್ನು ಬಿಸಿಲಿಗೆ ಹಾಕಿ ಯಂತ್ರಕ್ಕೆ ನೀರು ಕುಡಿಸುವ ಮನೆ ನಮ್ಮದೊಂದೇ.

ನಾನು ಮದುವೆಯಾಗಿ ಬಂದ ಹೊಸತರಲ್ಲೂ ಒಂದು ಬರ ಬಿದ್ದಿತ್ತು. ಆಗ ಹಳ್ಳಿಯ ಮನೆಯಲ್ಲಿ ಇದೇ ರಂಜಣಗಿಯ ಮುಂದೆ ಅತ್ತೆ ಕೂತಿರುತ್ತಿದ್ದಳು. ನಾನು ತಂಬಿಗೆಯನ್ನು ಸ್ವಲ್ಪ ಆಳ ಮುಳುಗಿಸಿದ ಸದ್ದು ಕೇಳಿದರೆ ಸಾಕು, "ಏನ ಬೇ, ನೀರೇನು ನಿಮ್ಮಪ್ಪನ ಬಾವ್ಯಾಗಿಂದ ಬಂದಾವೇನು?" ಎಂದು ಅರಚುತ್ತಿದ್ದಳು. ಊರಿನವರೆಲ್ಲ ಕೇಳುವಂತೆ. ನಮ್ಮಪ್ಪನಿಗೆ ಬಾವಿಯೇ ಇರಲಿಲ್ಲ. ಅದು ಆಕೆಗೂ ಗೊತ್ತಿತ್ತು. ಆ ಮಾತು ನನ್ನ ಕಿವಿಯಲ್ಲಿ ಎಷ್ಟು ಕೂತಿದೆ ಎಂದರೆ, ಇವತ್ತಿಗೂ ನೀರು ಕುಡಿಯುವಾಗ ನಾನು ತಂಬಿಗೆಯನ್ನು ಸದ್ದಾಗದಂತೆ ಅದ್ದುತ್ತೇನೆ.

ಇನ್ನು ಬ್ಯಾಕಪ್ಪಿನ ಮಾತು. ಬಸವರಾಜ ಇನ್ನೊಂದು ಹಾರ್ಡ್‌ಡಿಸ್ಕ್ ತಂದ, ಅಂಗೈಗಿಂತ ಸ್ವಲ್ಪ ದೊಡ್ಡದು. ಡಬ್ಬಿಯಲ್ಲಿ ಇರುವುದೆಲ್ಲ ಇದರಲ್ಲೂ ಇರುತ್ತದೆ. ಒಂದು ಸತ್ತರೆ ಇನ್ನೊಂದು. "ಇದನ್ನ ಭಾಲ್ಕಿಗಿ ಅಕ್ಕನ ಮನ್ಯಾಗ ಇಡೋಣಂತ ಮಾಡೇನಿ. ಬ್ಯಾರೆ ಊರಾಗ ಇದ್ರೆ ಚಲೋ" ಅಂದ. ನಾನು ಎದ್ದು ಕೂತೆ. ಈ ಆಟ ನನಗೆ ಹೊಸದಲ್ಲ. ಹಳೆಯ ಆ ಬರದ ವರ್ಷವೇ ಅತ್ತೆ ಬಿತ್ತುವ ಜೋಳವನ್ನು ಎರಡು ಪಾಲು ಮಾಡಿದ್ದಳು. ಒಂದು ನಮ್ಮ ಮನೆಯಲ್ಲಿ. ಇನ್ನೊಂದು ನನ್ನ ತವರೂರು ಸಾಯಗಾಂವದಲ್ಲಿ, ಅಲ್ಲೇ ಸೋದರಮಾವನ ಮನೆಗೆ ಮದುವೆಯಾಗಿ ಸೇರಿದ್ದ ನನ್ನ ತಂಗಿಯ ಹತ್ತಿರ. ಬೂದಿ ಕಲಸಿ, ಬೇವಿನ ಸೊಪ್ಪು ಹಾಕಿ, ಬಾಯಿ ಹೊಲಿದು ಕಳಿಸಿದ ಚೀಲ. ನಮ್ಮ ಮನೆಯದಕ್ಕೆ ಹುಳ ಬಿತ್ತು. ಮಳೆ ಬಂದ ದಿನ ಸಾಯಗಾಂವಕ್ಕೆ ಓಡಿದರೆ ತಂಗಿ ಚೀಲವನ್ನು ಮಡಚಿ ಕೊಟ್ಟಳು. ಬೂದಿ ತೊಳೆದು ಬೀಸಿ ರೊಟ್ಟಿ ಮಾಡಿ ತಿಂದಿದ್ದರು. "ಹೊಟ್ಟೀಗಿ ಏನ್ ಹೇಳ್ಲಿ ಅಕ್ಕಾ" ಅಂದಳು. ಅತ್ತೆ ಸಾಯುವ ತನಕ ನನಗೆ ಹೇಳಿದಳು, "ನಿನ್ನ ತಂಗಿ ನಮ್ಮ ಹೊಲಾನೇ ತಿಂದಾಳ." ಅದಕ್ಕೇ ನಾನು ಬಸವರಾಜನಿಗೆ ಖಡಕ್ಕಾಗಿ ಹೇಳಿದೆ. "ಮಂದಿ ಮನ್ಯಾಗ ಇಟ್ಟದ್ದು ನಮ್ಮದಲ್ಲ. ಎರಡೂ ನನ್ನ ಕಣ್ಣಮುಂದ ಇಡು. ಜ್ವಾಳಾ ಹ್ವಾದಂಗ ನನ್ನ ಫೋಟೋ ಹೋಗೋದು ಬ್ಯಾಡ." ಅವನು ನಕ್ಕ, ಆದರೆ ಭಾಲ್ಕಿಗೆ ಹೋಗುವ ಬಸ್ಸಿನ ತ್ರಾಸು ಉಳಿಯಿತೆಂದು ಒಪ್ಪಿದ. ಎರಡನೆಯದನ್ನು ಮೊದಲನೆಯದರ ತಲೆಯ ಮೇಲೇ ಇಟ್ಟ.

ಅಲ್ಬಮ್ಮಿನ ಹಾಳೆ ಹಾಳೆಯ ಮೇಲೆ ಫೋನ್ ಹಿಡಿದು ಫೋಟೋ ಹೊಡೆದ. ನನ್ನದನ್ನು ಇನ್ನೂ ಚೆಂದ ಬರಲೆಂದು ಅಂಟಿದ್ದಲ್ಲಿಂದ ಬಿಡಿಸಲು ಹೋದ. ಹಳೆಯ ಗೋಂದು, ನನ್ನ ಹಾಗೆ ಹಟದ್ದು. ಮೂಗು ಅಲ್ಬಮ್ಮಿಗೆ ಉಳಿಯಿತು, ಮಿಕ್ಕ ಮುಖ ಅವನ ಕೈಗೆ ಬಂತು. "ಫಿಕರ್ ಮಾಡಬ್ಯಾಡವ್ವಾ, ಹರಿಯೋಕಿಂತ ಮೊದ್ಲು ಹೊಡದೇನಿ, ಡಬ್ಬ್ಯಾಗ ಮೂಗಿನ ಸಮೇತ ಇದ್ದಿ" ಅಂದ. ಗೆದ್ದಲು ಬಾಗಿಲ ಚೌಕಟ್ಟಿಗೆ ಹತ್ತಬಾರದೆಂದು ಆ ಅಲ್ಬಮ್ಮನ್ನು ಹಿತ್ತಲಲ್ಲಿ ಸುಟ್ಟೆವು. ಪ್ಲಾಸ್ಟಿಕ್ಕಿನ ಹಾಳೆಗಳು, ಮದುವೆಯ ಮನೆಯಲ್ಲಿ ಬರಬಾರದ ವಾಸನೆ ಬಂತು. ಫೋನಿನಲ್ಲಿ ಇದ್ದದ್ದನ್ನೂ ಅಳಿಸಿದ. ಜಾಗ ಮಾಡಲೆಂದೇ ಅಲ್ಲವೇ ಡಬ್ಬಿ ತಂದದ್ದು. ಆ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸು ಎಂದು ನಾನು ಹೇಳುತ್ತಲೇ ಇದ್ದೆ. "ಮಾಡಸ್ತೇನವ್ವಾ. ಎಲ್ಲಿ ಓಡಿ ಹೋಗ್ತದ?" ಎನ್ನುತ್ತಲೇ ಇದ್ದ. ಕಟ್ಟು ಹಾಕಿಸಲು ಅಂಥ ಅವಸರವೇನಿದೆ, ನಾನು ಇನ್ನೂ ಉಸಿರಾಡುತ್ತಿದ್ದೆನಲ್ಲ.

ಬರಕ್ಕೆ ಊರು ಬಿಟ್ಟು ಗುಳೆ ಹೋಗುವವರಿಗೆ ನಮ್ಮ ಮನೆ ಒಂದು ತಂಗುದಾಣ. ಊರಿನಿಂದ ಬಂದು ಬೀದರಿನಲ್ಲಿ ಬಸ್ಸು ಬದಲಿಸುವವರು ತಮ್ಮ ಟ್ರಂಕು, ತಾಮ್ರದ ಹಂಡೆಗಳನ್ನು ನಮ್ಮಲ್ಲಿಟ್ಟು ಹೋಗುತ್ತಾರೆ. ಆ ಬೇಸಿಗೆ ರತ್ನಮ್ಮನೂ ಗಂಡನ ಜೊತೆ ಪುಣೆಗೆ ಹೊರಟಳು, ಕಟ್ಟಡದ ಕೆಲಸಕ್ಕೆ. ಟ್ರಂಕನ್ನು ಡಬ್ಬಿಯ ಪಕ್ಕ ಇಡುತ್ತ ಕೂಲರಿನ ಗಾಳಿಗೆ ಮುಖ ಒಡ್ಡಿ ನಿಂತಳು. "ಅಕ್ಕಾ, ನಾ ಪುಣೆಗಿ ಹೋಗಂಗಿಲ್ಲ. ನನ್ನೂ ಇಲ್ಲೇ ಒಂದು ಡಬ್ಬಿ ಅಂತ ತಿಳದು ಇಟ್ಕೋರಿ" ಅಂದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸವರಾಜ ಹುರುಪಿನಿಂದ ಟಿವಿ ಹಚ್ಚಿದ. ಅವನ ಡಬ್ಬಿ ಅಷ್ಟರಲ್ಲಿ ಹೊಸ ವಿದ್ಯೆ ಕಲಿತಿತ್ತಂತೆ, ಮುಖ ನೋಡಿ ಗುರುತು ಹಿಡಿದು ಒಬ್ಬೊಬ್ಬರ ಫೋಟೋಗಳನ್ನು ಬೇರೆ ಬೇರೆ ಗಂಟು ಕಟ್ಟುವುದು. ಬಸವರಾಜನದೊಂದು ಗಂಟು, ಸುನೀತಾಳದೊಂದು, ಸತ್ತ ನನ್ನ ಗಂಡನದೊಂದು. ಪಕ್ಕದ ಮನೆಯ ಆಡಿಗೂ ಒಂದು ಸಣ್ಣ ಗಂಟು ಇತ್ತು.

"ನನ್ನದೆಲ್ಲಿ?" ಅಂದೆ.

ಮಗ ಮೇಲೆ ಕೆಳಗೆ ಓಡಿಸಿದ. ನನ್ನ ಹೆಸರಿನ ಗಂಟೇ ಇಲ್ಲ. ಆಮೇಲೆ ಅತ್ತೆಯ ಗಂಟು ಬಿಚ್ಚಿದ. ಗೋಡೆಯ ಮೇಲಿನ ಅತ್ತೆ, ಬೆರಳು ಎತ್ತಿದವಳು. ಆಕೆಯ ಪಕ್ಕ ಸಾಲಾಗಿ ನಾನು. ಒಲೆಯ ಮುಂದೆ ನಾನು, ಸಂತೆಯಲ್ಲಿ ನಾನು, ಭಾಲ್ಕಿಯಲ್ಲಿ ಬಾಯಿ ಮುಚ್ಚಿ ನಿಂತ ನಾನು. ಎಲ್ಲದರ ಮೇಲೆ ಒಂದೇ ಹೆಸರು, ಅಜ್ಜಿ. ಡಬ್ಬಿಯ ಲೆಕ್ಕದಲ್ಲಿ ನಾವಿಬ್ಬರೂ ಒಬ್ಬಳೇ.

ರತ್ನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು ನೋಡಿ, ಟ್ರಂಕಿನ ಮೇಲೆ ಕೂತವಳು ಜಾರಿ ನೆಲಕ್ಕೆ ಬಂದಳು. "ಅಯ್ಯ ಶಿವನ! ಅತ್ತಿ ಸತ್ತಿಲ್ಲ ಬಿಡ್ರಿ ಅಕ್ಕಾ! ನಿಮ್ಮ ಮೈಯಾಗ ಹೊಕ್ಕು ಚಿದ್ರಿಗಿ ಬಂದಾಳ!" ಸುನೀತಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಆಕೆಯ ಭುಜ ಕುಣಿಯುತ್ತಿತ್ತು. ನಾನು ಮಗನಿಗೆ ಹೇಳಿದೆ, "ಅದರ ಕಣ್ಣಾಗ ಏನರೆ ಬಿದ್ದದೇನು ನೋಡು. ನನ್ನ ಬ್ಯಾರೆ ಮಾಡು." "ಐತಾರ ಸೂಟಿ ಇರ್ತದ, ಮಾಡ್ತೇನವ್ವಾ" ಅಂದ. ರತ್ನಮ್ಮ ಹೊರಡುವ ಮುಂಚೆ ಟಿವಿಯ ಮುಂದೆ ಫೋನ್ ಹಿಡಿದು ನನ್ನ ಭಾಲ್ಕಿಯ ಫೋಟೋ ತೆಗೆದುಕೊಂಡಳು. "ಪುಣೆದಾಗ ಕೆಲಸದ ಮುಕಾದಮ ಬೈದಾಗ ಇದನ್ನ ನೋಡ್ತೇನಿ. ಬಾಯಿ ಮುಚ್ಚಿದ ಅಕ್ಕನ್ನ ಎಲ್ಲಿ ನೋಡ್ಲಿಕ್ಕ ಸಿಗ್ತದ?" ಅಂದಳು. ಬಸ್ಸಿನ ಕಡೆ ನಡೆಯುವಾಗ ಮಾತ್ರ ಆಕೆ ನಗಲಿಲ್ಲ, ತಿರುಗಿಯೂ ನೋಡಲಿಲ್ಲ.

ಆಮೇಲೆ ಬಂದ ಬಿಸಿಲು ಎಂಥದೆಂದರೆ ಕಾಗೆಗಳು ಕೂಡ ಬಾಯಿ ತೆರೆದು ಕೂರುತ್ತಿದ್ದವು. ಒಂದು ದಿನ ಮಗ ಕೆಲಸಕ್ಕೆ ಹೋಗುವಾಗ ನನಗೆ ಹೇಳಿದ. "ಅವ್ವಾ, ಡಬ್ಬಿ ಬಿಸಿ ಆಗದಂಗ ನೋಡ್ಕೋ. ನಿನ್ನ ಭರೋಸಾದ ಮ್ಯಾಲ ಬಿಟ್ಟೇನಿ." ಎಷ್ಟೋ ವರ್ಷಗಳ ಮೇಲೆ ಈ ಮನೆಯಲ್ಲಿ ನನ್ನ ಭರೋಸೆಗೆ ಒಂದು ಕೆಲಸ ಬಂದಿತ್ತು. ಸುನೀತಾ ಕೊಡ ತೆಗೆದುಕೊಂಡು ಟ್ಯಾಂಕರಿಗೆ ಹೋದಳು. ಮಧ್ಯಾಹ್ನ ಕೂಲರಿನ ನೀರು ಮುಗಿದು ಅದು ಬೆಂಕಿಯ ಗಾಳಿ ಉಗುಳತೊಡಗಿತು. ಡಬ್ಬಿಯ ಒಳಗಿನ ಫ್ಯಾನು ಕೀರಲು ದನಿಯಲ್ಲಿ ಕಿರುಚಿತು. ಕೈ ಇಟ್ಟು ನೋಡಿದೆ, ಜ್ವರ ಬಂದ ಕೂಸಿನ ಹಣೆಯ ಹಾಗೆ ಸುಡುತ್ತಿತ್ತು. ಅದರೊಳಗೆ ನಾನಿದ್ದೆ, ಮೂಗಿನ ಸಮೇತ. ಸುಮ್ಮನೆ ಹೇಗೆ ಕೂರಲಿ?

ಮನೆಯಲ್ಲಿ ಒಂದು ವಸ್ತುವನ್ನು ತಂಪಾಗಿ ಇಡುವುದು ಹೇಗೆ ಎಂದು ನನಗೆ ಯಾರೂ ಕಲಿಸಬೇಕಿಲ್ಲ. ನಾನು ರಂಜಣಗಿಗೆ ಸುತ್ತಿದ್ದ ಒದ್ದೆ ಗೋಣಿತಟ್ಟನ್ನು ಬಿಚ್ಚಿದೆ. ಅದನ್ನು ಮಡಚಿ, ಡಬ್ಬಿಗೂ ಅದರ ತಲೆಯ ಮೇಲಿದ್ದ ಎರಡನೆಯದಕ್ಕೂ ಸೇರಿಸಿ, ಎಲ್ಲೂ ಸಂದು ಬಿಡದಂತೆ ಹೊದಿಸಿದೆ. ತಟ್ಟು ಬೇಗ ಒಣಗುತ್ತದಲ್ಲ, ಮೇಲೆ ಮೇಲೆ ಒಂದೊಂದು ಬೊಗಸೆ ನೀರು ಚಿಮುಕಿಸಿದೆ. ಅದು ನನ್ನ ಕುಡಿಯುವ ಪಾಲಿನ ನೀರು. ಡಬ್ಬಿ ಗೊರ್ ಎಂದಿತು, ಆಮೇಲೆ ಸುಮ್ಮನಾಯಿತು. ತಂಪಾಗಿ ನಿದ್ದೆ ಹೋಯಿತು ಎಂದುಕೊಂಡು ನಾನೂ ಅದರ ಪಕ್ಕ, ನನ್ನ ಹಳೆಯ ಜಾಗದಲ್ಲಿ, ಅಡ್ಡಾದೆ. ಎಷ್ಟು ದಿನದ ಮೇಲೆ ಎಂಥ ನಿದ್ದೆ!

ಎಚ್ಚರವಾದದ್ದು ಮಗನ ದನಿಗೆ.

"ಅವ್ವಾ! ಇದೇನ್ ಮಾಡಿ?"

"ಬಿಸಿ ಆಗಿತ್ತು. ತಟ್ಟು ಹೊಚ್ಚೇನಿ."

"ನೀರ್ ಹಾಕಿದೇನು?"

"ಹಾಕಿಲ್ಲಪಾ, ಚಿಮುಕ್ಸೇನಿ."

"ಎರಡೂ ಡಿಸ್ಕಿಗೂ?"

"ಒಂದಕ್ಕ ಹೊಚ್ಚಿ ಒಂದಕ್ಕ ಬಿಡ್ಲೇನು? ಅದೇನು ಸವತಿ ಮಗಾ ಏನು?"

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಸುನೀತಾ ಬಂದು ನೋಡಿದಳು. ಡಬ್ಬಿಯ ಸಂದಿನಿಂದ ಒಂದು ಹನಿ ಜಾರಿ ಮಣೆಯ ಮೇಲೆ ಬಿತ್ತು. "ಅತ್ತೀ, ನೀವು ಅದಕ್ಕ ಜಳಕಾನೇ ಮಾಡಸೀರಿ. ಮನ್ಯಾಗ ಯಾರಿಗೂ ಇಲ್ಲದ ಜಳಕ" ಅಂದಳು. ಮಗ ಎರಡನ್ನೂ ಟವೆಲ್ಲಿನಲ್ಲಿ ಸುತ್ತಿ, ಬಸ್ ನಿಲ್ದಾಣದ ಹತ್ತಿರದ ರಿಪೇರಿಯವನಲ್ಲಿಗೆ ಓಡಿದ. ನಾನೂ ಹಿಂದೆ ಹೋದೆ, ಆಸ್ಪತ್ರೆಗೆ ಹೋಗುವವರ ಹಾಗೆ. ಆತ ಬಿಚ್ಚಿ ನೋಡಿ, "ಹೊಟ್ಟಿ ತುಂಬ ನೀರು ಕುಡದದ್ರಿ" ಅಂದ. "ಈ ಊರಾಗ ಯಾರಿಗರೆ ಸಿಕ್ಕಾವಲ್ಲ" ಅಂದೆ ನಾನು.

ಕೆಲವು ದಿನ ಬಿಟ್ಟು ಆತ ಕರೆದು, ಉಳಿದದ್ದಿಷ್ಟೇ ಎಂದು ಒಂದಿಷ್ಟು ಕೊಟ್ಟ. ಬಸವರಾಜ ಟಿವಿಯಲ್ಲಿ ಹಾಕಿದ. ಗುಲಾಬಿ, ಗುಡ್ ಮಾರ್ನಿಂಗ್. ಜಲಪಾತ, ಗುಡ್ ಮಾರ್ನಿಂಗ್. ಇನ್ನೊಂದು ಜಲಪಾತ. ನನ್ನ ಗಂಡ ಹೋಗಿದ್ದ, ಮಗಳ ಮದುವೆ ಹೋಗಿತ್ತು, ಪಕ್ಕದ ಮನೆಯ ಆಡೂ ಹೋಗಿತ್ತು. ನಾನು ಹೋಗಿದ್ದೆ. ಭಾಲ್ಕಿಯ ಬೀಗರ ಅಲ್ಬಮ್ ತರಿಸಿ ನೋಡಿದೆವು. ಅದರಲ್ಲಿ ತುಂಬ ಅವರೇ ಇದ್ದಾರೆ. ಒಂದು ಕಡೆ ನನ್ನ ಮೊಣಕೈ ಇದೆ. ಮೊಣಕೈಗೆ ಹಾರ ಹಾಕುವ ಪದ್ಧತಿ ನಮ್ಮ ಮನೆಯಲ್ಲಿ ಈಗಾಗಲೇ ಇದೆ ಎನ್ನಿ, ಆದರೂ.

ಆಗ ನೆನಪಾದದ್ದು ರತ್ನಮ್ಮನ ಫೋನು. ಫೋನ್ ಹಚ್ಚಿದೆವು. ಹಿಂದೆ ಕಲ್ಲಿನ ಸದ್ದು, ಕಾಂಕ್ರೀಟ್ ಮಿಕ್ಸರಿನ ಸದ್ದು, ಮರಾಠಿ ಬೈಗುಳ.

"ರತ್ನಿ, ನನ್ನ ಫೋಟೋ ಒಂದು ತಗೊಂಡಿದ್ದಿ ನೋಡು, ಟಿವಿ ಮುಂದ. ಅದನ್ನ ಕಳಸು."

ಆ ಕಡೆ ಮಿಕ್ಸರಿನ ಸದ್ದು ದೂರವಾಯಿತು, ಆಕೆ ಬದಿಗೆ ಸರಿದಿರಬೇಕು.

"ಅಕ್ಕಾ, ಅದನ್ನ ತಗದುಬಿಟ್ಟೇನ್ರಿ."

"ತಗದಿ? ಯಾಕ?"

"ಇಲ್ಲಿ ಮುಕಾದಮ ದಿನಾ ಕೆಲಸದ ಜಾಗದಾಗ ನಿಂತು ಫೋಟೋ ಕಳಸ್ರಿ ಅಂತಾನ. ಕಳಸಿಲ್ಲಂದ್ರ ಹಾಜರಿ ಇಲ್ಲ. ಫೋನ್ ತುಂಬಿತ್ತು. ನಿಮ್ಮ ಮಾರಿ ತಗದು ಜಾಗಾ ಮಾಡ್ಕೊಂಡೆ." ದನಿ ತಗ್ಗಿಸಿ ಅಂದಳು, "ಹೊಟ್ಟೀಗಿ ಏನ್ ಹೇಳ್ಲಿ ಅಕ್ಕಾ."

ಸಾಯಗಾಂವದಲ್ಲಿ ಖಾಲಿ ಚೀಲ ಮಡಚಿ ಕೊಟ್ಟವಳ ದನಿಯೂ ಇದೇ ಆಗಿತ್ತು. ಬೈಯಬೇಕೆಂದು ಬಾಯಿ ತೆರೆದವಳು, "ಹೊತ್ತಿಗೆ ಸರಿ ಉಣ್ಣು" ಎಂದು ಫೋನ್ ಇಟ್ಟೆ. ಸುನೀತಾ ನನ್ನನ್ನು ವಿಚಿತ್ರವಾಗಿ ನೋಡಿದಳು. ನನಗೂ ಮೈ ಹುಷಾರಿಲ್ಲವೇನೋ ಅನ್ನಿಸಿತು.

ಹೊಸದಾಗಿ ತೆಗೆದರಾಯಿತು ಎಂದು ಎಲ್ಲರೂ ಹೇಳಿದರು. ಸೆರಗು ಹೊದ್ದು, ವಿಭೂತಿ ಹಚ್ಚಿ ಕೂತೆ. ಸುನೀತಾ ಫೋನ್ ಹಿಡಿದಳು. ಬಾಯಿ ಮುಚ್ಚಿದರೆ ಹಲ್ಲಿಲ್ಲದ ಕೆನ್ನೆ ಒಳಗೆ ಹೋಗುತ್ತದೆ, ತೆರೆದರೆ ಅತ್ತೆ ಕಾಣುತ್ತಾಳೆ. ಮತ್ತೆ ಮತ್ತೆ ತೆಗೆದಳು, ಒಂದರಲ್ಲೂ ನಾನು ಒಳ್ಳೆಯವಳಾಗಿ ಬರಲಿಲ್ಲ. "ಅತ್ತೀ, ಕುಂತಾಗ ನಿಮ್ಮ ಮಾರಿ ಕಲ್ಲಾಗ್ತದ್ರಿ. ನಿಮಗ ಗೊತ್ತಿಲ್ಲದಂಗ ಒಂದು ತಗೀತೇನಿ" ಅಂದಳು.

ತೆಗೆದಳು. ಟ್ಯಾಂಕರ್ ಬಂದ ದಿನ ನಾನು ರಂಜಣಗಿಯ ಬಳಿ ನಿಂತಿದ್ದೆ. ಅದು ಈಗ ತನ್ನ ಮೂಲೆಗೆ, ನಾನು ನನ್ನ ಚಾಪೆಗೆ ಮರಳಿದ್ದೆವು. ಸುನೀತಾ ನೀರು ಸುರಿದು, ಪಕ್ಕಕ್ಕೆ ಸರಿದು, ಫೋನ್ ಎತ್ತಿದ್ದನ್ನು ನಾನು ನೋಡಲಿಲ್ಲ. ಬರೀ ಫೋಟೋ ಅಲ್ಲ, ಮಾತೂ ಕೇಳುವಂಥದ್ದು. ಅದರಲ್ಲಿ ನಾನು ಬಾಗಿಲ ಕಡೆ ಬೆರಳೆತ್ತಿ ಟ್ಯಾಂಕರಿನ ಹುಡುಗನಿಗೆ ಏನೋ ಹೇಳುತ್ತಿದ್ದೇನೆ. ಅವಳು ಅದರಲ್ಲೇ ಒಂದು ಕಡೆ ನಿಲ್ಲಿಸಿ, "ಇದು ಜೀವಂತ ಬಂದದ ನೋಡ್ರಿ" ಅಂದಳು. ಜೀವಂತ ಬಂದಿತ್ತು. ಗೋಡೆಗೆ ಹಾಕುವುದು ಸತ್ತ ಮೇಲೆ ಎಂಬುದನ್ನು ಅವಳು ಮರೆತಿದ್ದಳು.

ಬಸವರಾಜ ಅಷ್ಟರಲ್ಲಿ ಇನ್ನೊಂದು ಡಬ್ಬಿ ಕಟ್ಟಿದ್ದ. ಈ ಸಲ ಅಟ್ಟದ ಮೇಲೆ, ನನ್ನ ಕೈಗೆ ಎಟಕದ ಕಡೆ. ಎರಡನೆಯ ಡಿಸ್ಕು ಭಾಲ್ಕಿಗೆ ಹೋಗುತ್ತದಂತೆ. ಅವರು ತಿನ್ನುವುದಿಲ್ಲ ಎಂದು ಏನು ಭರೋಸೆ ಎಂದು ನಾನು ಕೇಳಲಿಲ್ಲ; ಈಗ ಈ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ. ಮೊದಲ ಫೋಟೋಗಳೆಂದು, ಗೋಡೆಯ ಮೇಲಿನ ಅತ್ತೆಗೆ ಫೋನ್ ಹಿಡಿದು ಒಂದು ಹೊಡೆದ, ಆ ಕೈಯ ಸಮೇತ. ಸುನೀತಾ ತೆಗೆದ ನನ್ನದನ್ನೂ ಹಾಕಿದ. ಆಮೇಲೆ ಕೈ ತೊಳೆಯಲು ಒಳಗೆ ಹೋದ.

ಸುನೀತಾ ಫೋನನ್ನು ನನ್ನ ಮುಂದೆ ಹಿಡಿದಳು. ಹೊಸ ಡಬ್ಬಿಗೆ ಹಳೆಯದಕ್ಕಿಂತ ಸ್ವಲ್ಪ ಮರ್ಯಾದೆ ಗೊತ್ತಿತ್ತು; ತಾನೇ ನಿರ್ಣಯ ಮಾಡದೆ ಕೇಳುತ್ತಿತ್ತು. ಒಂದು ಕಡೆ ಬೆರಳೆತ್ತಿದ ಅತ್ತೆ, ಇನ್ನೊಂದು ಕಡೆ ಬೆರಳೆತ್ತಿದ ನಾನು. ಕೆಳಗೆ, ಇವರಿಬ್ಬರೂ ಒಬ್ಬರೇನಾ, ಹೌದು ಅಥವಾ ಅಲ್ಲ.

"ನೀವೇ ಒತ್ರಿ ಅತ್ತೀ" ಅಂದಳು. ಮುಖ ಗಂಭೀರವಾಗಿತ್ತು, ಅದಕ್ಕೇ ನನಗೆ ಅನುಮಾನ.

ಇಷ್ಟು ದಿನ ಕಾದ ನ್ಯಾಯ ಕೊನೆಗೂ ನನ್ನ ಬೆರಳಿಗೆ ಬಂದಿತ್ತು. ಅಲ್ಲ ಎಂಬುದು ಯಾವ ಕಡೆ ಇದೆ ಎಂದು ನಿಧಾನವಾಗಿ ಓದಿಕೊಂಡು ಬೆರಳು ಎತ್ತಿದೆ. ಅಷ್ಟರಲ್ಲಿ ಒಳಗೆ ರಂಜಣಗಿಯಲ್ಲಿ ತಂಬಿಗೆ ಆಳವಾಗಿ ಮುಳುಗಿದ ಸದ್ದು, ಅದರ ಹಿಂದೆಯೇ ಮೋರಿಗೆ ಧಾರಾಳವಾಗಿ ನೀರು ಬಿದ್ದ ಸದ್ದು ಕೇಳಿಸಿತು.

"ಏನಲೇ, ನೀರೇನು ನಿಮ್ಮಪ್ಪನ ಬಾವ್ಯಾಗಿಂದ ಬಂದಾವೇನು?"

ನನ್ನ ದನಿ ಓಣಿಯ ಕೊನೆಯ ಮನೆಯವರೆಗೆ ಕೇಳಿಸಿರಬೇಕು. ಒಳಗೆ ನೀರಿನ ಸದ್ದು ನಿಂತಿತು. ನಾನು ಫೋನಿನ ಕಡೆ ತಿರುಗುವಷ್ಟರಲ್ಲಿ ಸುನೀತಾ ತಾನೇ ಒತ್ತಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು. ಯಾವುದನ್ನು ಒತ್ತಿದಳು ಎಂದು ನಾನು ಕೇಳಲಿಲ್ಲ.